ಬಲಿಷ್ಠರ ಜಗತ್ತಿನಲ್ಲಿ ಕಾನೂನಿನ ಸ್ಥಾನ
(ಸಂಘದ ಆಶ್ರಯದಲ್ಲಿ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಲಾಗಿದ್ದ ಉಪನ್ಯಾಸದ ಬರಹ ರೂಪ)

 

ಇಂದು ಮಾತನಾಡಲು ನನಗೆ ಕೊಟ್ಟಿರುವ ವಿಷಯ ‘ಸಾರ್ವಜನಿಕ ಅಂತಾರಾಷ್ಟ್ರೀಯ ಕಾನೂನು’. ಹೆಸರು ಕೇಳುವಾಗಲೇ ಸ್ವಲ್ಪ ಭಾರವೆನಿಸಬಹುದು. ನಿಮ್ಮಲ್ಲಿ ಹೆಚ್ಚಿನವರು ರಾಜ್ಯಶಾಸ್ತ್ರ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳನ್ನು ಓದುತ್ತಿರುವವರು, ಕಾನೂನು ಕಾಲೇಜಿನವರಲ್ಲ. ಆದ್ದರಿಂದ ಕಲಮುಗಳ ಸಂಖ್ಯೆಯನ್ನು ಒಪ್ಪಿಸುವುದರ ಬದಲು ಈ ಕಾನೂನು ಎಲ್ಲಿಂದ ಹುಟ್ಟುತ್ತದೆ, ಯಾರಿಗೆ ಅನ್ವಯಿಸುತ್ತದೆ, ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ನಮಗೆ ಗೊತ್ತಿರುವ ಉದಾಹರಣೆಗಳ ಮೂಲಕ ಹೇಳಲು ಪ್ರಯತ್ನಿಸುತ್ತೇನೆ.

ಈ ವಿಷಯ ಎತ್ತಿದಾಗಲೆಲ್ಲ ವಿದ್ಯಾರ್ಥಿಗಳಿಂದ ಬರುವ ಮೊದಲ ಪ್ರಶ್ನೆ ಒಂದೇ. “ಅಂತಾರಾಷ್ಟ್ರೀಯ ಕಾನೂನು ಎಂಬುದು ನಿಜವಾಗಿ ಇದೆಯೇ? ಇದ್ದರೆ 2003ರಲ್ಲಿ ಇರಾಕಿನ ಮೇಲೆ ದಾಳಿ ಹೇಗೆ ನಡೆಯಿತು? 2022ರಲ್ಲಿ ಉಕ್ರೇನಿನ ಮೇಲೆ? ಗಾಝಾದಲ್ಲಿ ಸಾವಿರಾರು ಮಕ್ಕಳು ಸಾಯುತ್ತಿದ್ದಾಗ ಆ ಕಾನೂನು ಎಲ್ಲಿತ್ತು?” ಇದು ಉಡಾಫೆಯ ಪ್ರಶ್ನೆಯಲ್ಲ, ನೋವಿನಿಂದ ಬಂದ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ ಈ ಪಾಠವನ್ನು ಮುಂದುವರಿಸುವುದು ಸರಿಯಲ್ಲ. ಆದರೆ ಉತ್ತರ ಅರ್ಥವಾಗಬೇಕಾದರೆ ಮೊದಲು ಆ ಕಾನೂನಿನ ಸ್ವರೂಪ ತಿಳಿದಿರಬೇಕು. ಹಾಗಾಗಿ ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ, ಕೊನೆಯಲ್ಲಿ ಅದಕ್ಕೆ ಮರಳಿ ಬರೋಣ.

ಏನಿದು ಅಂತಾರಾಷ್ಟ್ರೀಯ ಕಾನೂನು?

ಸರಳವಾಗಿ ಹೇಳುವುದಾದರೆ, ರಾಷ್ಟ್ರಗಳು ತಮ್ಮತಮ್ಮೊಳಗಿನ ವ್ಯವಹಾರದಲ್ಲಿ ತಮ್ಮನ್ನು ಬಂಧಿಸುತ್ತವೆ ಎಂದು ಒಪ್ಪಿಕೊಂಡಿರುವ ನಿಯಮಗಳ ಸಮೂಹವೇ ಸಾರ್ವಜನಿಕ ಅಂತಾರಾಷ್ಟ್ರೀಯ ಕಾನೂನು. ‘ಖಾಸಗಿ ಅಂತಾರಾಷ್ಟ್ರೀಯ ಕಾನೂನು’ ಬೇರೆಯೇ ವಿಷಯ. ಬೇರೆ ಬೇರೆ ದೇಶಗಳಿಗೆ ಸೇರಿದ ವ್ಯಕ್ತಿಗಳ ಮದುವೆ, ಆಸ್ತಿ, ವ್ಯಾಪಾರದ ತಕರಾರುಗಳಿಗೆ ಯಾವ ದೇಶದ ಕಾನೂನನ್ನು ಅನ್ವಯಿಸಬೇಕು ಎಂಬುದನ್ನು ಅದು ಹೇಳುತ್ತದೆ.

ನಮ್ಮ ದೇಶದೊಳಗಿನ ಕಾನೂನಿಗೂ ಇದಕ್ಕೂ ಮುಖ್ಯವಾದ ಮೂರು ವ್ಯತ್ಯಾಸಗಳಿವೆ. ದೇಶದೊಳಗೆ ಕಾನೂನು ಮಾಡಲು ಸಂಸತ್ತು ಇದೆ, ಜಗತ್ತಿಗೆ ಅಂಥ ಸಂಸತ್ತಿಲ್ಲ. ದೇಶದೊಳಗೆ ನ್ಯಾಯಾಲಯದಿಂದ ಸಮನ್ಸ್ ಬಂದರೆ ಹೋಗಲೇಬೇಕು, ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಂದು ರಾಷ್ಟ್ರವನ್ನು ಅದರ ಒಪ್ಪಿಗೆಯಿಲ್ಲದೆ ಎಳೆದು ತರಲಾಗುವುದಿಲ್ಲ. ದೇಶದೊಳಗೆ ತೀರ್ಪನ್ನು ಜಾರಿಗೊಳಿಸಲು ಪೊಲೀಸರಿದ್ದಾರೆ, ಜಗತ್ತಿಗೆ ಪೊಲೀಸ್ ಠಾಣೆಯಿಲ್ಲ. ಈ ಮೂರು ಕೊರತೆಗಳನ್ನು ನೆನಪಿಟ್ಟುಕೊಂಡರೆ ಈ ವಿಷಯದ ಅರ್ಧದಷ್ಟು ಗೊಂದಲ ಪರಿಹಾರವಾಗುತ್ತದೆ.

ಪಠ್ಯಪುಸ್ತಕಗಳಲ್ಲಿ ಈ ಕಾನೂನಿನ ಇತಿಹಾಸ ಸಾಮಾನ್ಯವಾಗಿ ಯುರೋಪಿನಿಂದ ಶುರುವಾಗುತ್ತದೆ. ಡಚ್ ವಿದ್ವಾಂಸ ಹ್ಯೂಗೋ ಗ್ರೋಷಿಯಸ್ 1625ರಲ್ಲಿ ಯುದ್ಧ ಮತ್ತು ಶಾಂತಿಯ ಕಾನೂನಿನ ಬಗ್ಗೆ ಬರೆದ ಗ್ರಂಥ, 1648ರ ವೆಸ್ಟ್‌ಫೇಲಿಯಾ ಒಪ್ಪಂದಗಳು, ಹೀಗೆ. ಇದು ಸುಳ್ಳಲ್ಲ, ಆದರೆ ಅಪೂರ್ಣ. ದೂತನನ್ನು ಹೇಗೆ ನಡೆಸಿಕೊಳ್ಳಬೇಕು, ಸಂಧಿ ಯಾವಾಗ ಮಾಡಿಕೊಳ್ಳಬೇಕು ಎಂಬುದನ್ನು ಕೌಟಿಲ್ಯನ ಅರ್ಥಶಾಸ್ತ್ರ ವಿವರವಾಗಿ ಚರ್ಚಿಸಿದೆ. ಕ್ರಿ.ಶ. 805ರಲ್ಲಿ ತೀರಿಕೊಂಡ ಇಮಾಮ್ ಮುಹಮ್ಮದ್ ಅಶ್ಶೈಬಾನಿಯವರು ‘ಸಿಯರ್’ ಎಂಬ ಶಾಸ್ತ್ರದಡಿ ಯುದ್ಧ, ಸಂಧಿ, ಅಭಯ ಪಡೆದು ಬಂದ ವಿದೇಶೀಯರ ಹಕ್ಕು ಮುಂತಾದವುಗಳನ್ನು ಕ್ರಮಬದ್ಧವಾಗಿ ಬರೆದಿಟ್ಟರು. ಅಂದರೆ ಗ್ರೋಷಿಯಸನಿಗಿಂತ ಎಂಟು ಶತಮಾನಗಳಷ್ಟು ಹಿಂದೆ. ಅದರ ಇಂಗ್ಲಿಷ್ ಅನುವಾದವನ್ನು ಮಜೀದ್ ಖದ್ದೂರಿಯವರು 1966ರಲ್ಲಿ ಹೊರತಂದರು. ನಮ್ಮ ಹೈದರಾಬಾದಿನಲ್ಲಿ ಹುಟ್ಟಿದ ಡಾ. ಮುಹಮ್ಮದ್ ಹಮೀದುಲ್ಲಾ ಅವರೂ ಈ ವಿಷಯದಲ್ಲಿ ಇಂಗ್ಲಿಷಿನಲ್ಲಿ ಮಹತ್ವದ ಗ್ರಂಥ ಬರೆದಿದ್ದಾರೆ. ನಮ್ಮವರೇ ಮೊದಲಿಗರು ಎಂದು ಬೆನ್ನು ತಟ್ಟಿಕೊಳ್ಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಶತ್ರುವಿನೊಂದಿಗಿನ ವ್ಯವಹಾರಕ್ಕೂ ನಿಯಮವಿರಬೇಕು ಎಂಬ ಯೋಚನೆ ಯಾವ ಒಂದು ನಾಗರಿಕತೆಯ ಸ್ವತ್ತೂ ಅಲ್ಲ ಎಂಬುದು ನಿಮಗೆ ತಿಳಿದಿರಲಿ ಎಂದು ಹೇಳಿದೆ.

ಈ ಕಾನೂನು ಎಲ್ಲಿ ಸಿಗುತ್ತದೆ?

ಸಂಸತ್ತಿಲ್ಲದ ಮೇಲೆ ಕಾನೂನು ಎಲ್ಲಿಂದ ಬರುತ್ತದೆ? ಹೇಗ್ ನಗರದಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೇ ವಿಧಿಯಲ್ಲಿ ಇದಕ್ಕೆ ಉತ್ತರವಿದೆ. ಒಪ್ಪಂದಗಳು, ರೂಢಿ, ಎಲ್ಲ ದೇಶಗಳ ಕಾನೂನುಗಳಲ್ಲಿ ಕಂಡುಬರುವ ಸಾಮಾನ್ಯ ತತ್ವಗಳು, ಈ ಮೂರು ಮುಖ್ಯ ಮೂಲಗಳು. ನ್ಯಾಯಾಲಯಗಳ ತೀರ್ಪುಗಳು ಮತ್ತು ವಿದ್ವಾಂಸರ ಬರಹಗಳು ಪೂರಕ ಮೂಲಗಳು.

ಒಪ್ಪಂದ ಎಂದರೆ ನಿಮಗೆ ಗೊತ್ತು. ಎರಡು ದೇಶಗಳ ನಡುವೆ ಆಗಬಹುದು, ನೂರಾರು ದೇಶಗಳ ನಡುವೆಯೂ ಆಗಬಹುದು. ನಮ್ಮ ಊರಿನ ಹಿರಿಯರು ಹಜ್ಜಿಗೆ ಹೋಗುವುದು ಕೂಡ ಒಂದು ದ್ವಿಪಕ್ಷೀಯ ಒಪ್ಪಂದದ ಅಡಿಯಲ್ಲಿಯೇ. 2024ರ ಹಜ್ಜಿಗಾಗಿ ಭಾರತ ಮತ್ತು ಸೌದಿ ಅರೇಬಿಯಾ ಮಾಡಿಕೊಂಡ ಒಪ್ಪಂದದಲ್ಲಿ ಭಾರತಕ್ಕೆ 1,75,025 ಯಾತ್ರಿಕರ ಕೋಟಾ ನಿಗದಿಯಾಗಿತ್ತು. ದುಬೈಯಿಂದ ಹೊರಟ ವಿಮಾನ ಇನ್ನೊಂದು ದೇಶದ ಆಕಾಶದ ಮೇಲಿಂದ ಹಾದು ಮಂಗಳೂರಿನಲ್ಲಿ ಇಳಿಯುತ್ತದಲ್ಲ, ಅದಕ್ಕೆ ಆಧಾರ 1944ರ ಶಿಕಾಗೋ ಒಪ್ಪಂದ. ಒಂದು ದೇಶದ ಅಂಚೆಚೀಟಿ ಹಚ್ಚಿದ ಪತ್ರವನ್ನು ಇನ್ನೊಂದು ದೇಶದ ಅಂಚೆಯವನು ಮನೆಗೆ ತಲುಪಿಸುತ್ತಾನೆ, ಅದಕ್ಕೆ ಆಧಾರ 1874ರಲ್ಲಿ ಆರಂಭವಾದ ಅಂಚೆ ಒಕ್ಕೂಟ. ದಿನನಿತ್ಯ ಲಕ್ಷಾಂತರ ಬಾರಿ ಈ ಕಾನೂನು ಪಾಲನೆಯಾಗುತ್ತದೆ. ಪಾಲನೆಯಾದದ್ದು ಸುದ್ದಿಯಾಗುವುದಿಲ್ಲ, ಉಲ್ಲಂಘನೆಯಾದದ್ದು ಮಾತ್ರ ಸುದ್ದಿಯಾಗುತ್ತದೆ.

ರೂಢಿ ಸ್ವಲ್ಪ ಸೂಕ್ಷ್ಮವಾದದ್ದು. ರಾಷ್ಟ್ರಗಳು ಒಂದು ಪದ್ಧತಿಯನ್ನು ಅನುಸರಿಸುತ್ತಾ ಬಂದರೆ ಮಾತ್ರ ಸಾಲದು, ‘ಹೀಗೆ ನಡೆದುಕೊಳ್ಳುವುದು ನಮ್ಮ ಕಾನೂನುಬದ್ಧ ಕರ್ತವ್ಯ’ ಎಂದು ನಂಬಿ ಅನುಸರಿಸಿರಬೇಕು. ವಿದೇಶದಿಂದ ಗಣ್ಯರು ಬಂದಾಗ ಕೆಂಪು ಹಾಸು ಹಾಸುವುದು ಬರೀ ಸೌಜನ್ಯ, ಹಾಸದಿದ್ದರೆ ಕಾನೂನು ಮುರಿದಂತಾಗುವುದಿಲ್ಲ. ಆದರೆ ರಾಯಭಾರಿಯನ್ನು ಬಂಧಿಸಬಾರದು ಎಂಬುದು ಕಾನೂನು. ಒಪ್ಪಂದಗಳು ಹೇಗೆ ಆಗಬೇಕು, ಹೇಗೆ ಅರ್ಥೈಸಬೇಕು ಎಂದು ಹೇಳುವ 1969ರ ವಿಯೆನ್ನಾ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆದರೂ ಅದರ ಮುಖ್ಯ ನಿಯಮಗಳು ರೂಢಿಯಾಗಿರುವುದರಿಂದ ಭಾರತಕ್ಕೂ ಅನ್ವಯಿಸುತ್ತವೆ. ‘ಮಾಡಿಕೊಂಡ ಒಪ್ಪಂದವನ್ನು ಪ್ರಾಮಾಣಿಕವಾಗಿ ಪಾಲಿಸಬೇಕು’ ಎಂಬುದು ಅವುಗಳಲ್ಲಿ ಮೊದಲನೆಯದು. ಇನ್ನು ನರಮೇಧ, ಗುಲಾಮಗಿರಿ, ಚಿತ್ರಹಿಂಸೆ ಇವುಗಳ ನಿಷೇಧದಂಥ ಕೆಲವು ನಿಯಮಗಳನ್ನು ಯಾವ ಒಪ್ಪಂದದಿಂದಲೂ ಬದಲಿಸಲು ಬರುವುದಿಲ್ಲ. ಎರಡು ದೇಶಗಳು ಒಟ್ಟಾಗಿ ಸಹಿ ಹಾಕಿ ಗುಲಾಮರ ವ್ಯಾಪಾರ ಮಾಡುತ್ತೇವೆ ಎಂದರೆ ಆ ಒಪ್ಪಂದ ಹುಟ್ಟುವಾಗಲೇ ರದ್ದು.

ಹೇಗ್‌ನಿಂದ ನಮ್ಮ ಮನೆಯವರೆಗೆ

ಅಲ್ಲೆಲ್ಲೋ ಸಹಿಯಾದ ಒಪ್ಪಂದ ನಮ್ಮ ಬದುಕಿಗೆ ಹೇಗೆ ಬರುತ್ತದೆ? ನಮ್ಮ ಸಂವಿಧಾನದ 51ನೇ ವಿಧಿ ಅಂತಾರಾಷ್ಟ್ರೀಯ ಕಾನೂನಿಗೂ ಒಪ್ಪಂದದ ಬಾಧ್ಯತೆಗಳಿಗೂ ಗೌರವ ಬೆಳೆಸಲು ಸರಕಾರ ಪ್ರಯತ್ನಿಸಬೇಕು ಎನ್ನುತ್ತದೆ. 253ನೇ ವಿಧಿ ಒಪ್ಪಂದಗಳನ್ನು ಜಾರಿಗೆ ತರಲು ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಸಾಮಾನ್ಯವಾಗಿ ನಮ್ಮಲ್ಲಿ ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ನಾಗರಿಕನ ಹಕ್ಕು ಬದಲಾಗುವುದಿಲ್ಲ, ಅದಕ್ಕೆ ಸಂಸತ್ತಿನ ಕಾಯ್ದೆ ಬೇಕು.

ಇದಕ್ಕೆ ನಮ್ಮ ಕರಾವಳಿಯವರು ಮರೆಯಲಾರದ ಒಂದು ಉದಾಹರಣೆ ಇದೆ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ಅಪಘಾತಕ್ಕೀಡಾಗಿ 158 ಮಂದಿ ತೀರಿಕೊಂಡರು. ಬದುಕುಳಿದವರು ಎಂಟು ಮಂದಿ. ಮೃತರ ಕುಟುಂಬಗಳಿಗೆ ಎಷ್ಟು ಪರಿಹಾರ ಸಲ್ಲಬೇಕು ಎಂಬ ಪ್ರಶ್ನೆ ಎದ್ದಾಗ ಎಲ್ಲರ ಬಾಯಲ್ಲಿ ಕೇಳಿಬಂದ ಹೆಸರು 1999ರ ಮಾಂಟ್ರಿಯಲ್ ಒಪ್ಪಂದ. ಭಾರತ ಅದಕ್ಕೆ ಸೇರಿದ್ದು 2009ರಲ್ಲಿ, ಅಂದರೆ ಅಪಘಾತಕ್ಕೆ ಒಂದೇ ವರ್ಷ ಮೊದಲು. ಅದೇ ವರ್ಷ ಸಂಸತ್ತು ವಿಮಾನ ಸಾರಿಗೆಯ ಕಾಯ್ದೆಗೆ ತಿದ್ದುಪಡಿ ಮಾಡಿ ಆ ಒಪ್ಪಂದವನ್ನು ನಮ್ಮ ಕಾನೂನಿನ ಭಾಗವಾಗಿಸಿತ್ತು. ಹಾಗಿದ್ದರೂ ಒಪ್ಪಂದದಲ್ಲಿ ಹೇಳಿದ ಮೊತ್ತ ಪ್ರತಿಯೊಬ್ಬರಿಗೂ ಸಿಗಲೇಬೇಕಾದ ಕನಿಷ್ಠ ಮೊತ್ತವೇ, ಅಥವಾ ನಷ್ಟವನ್ನು ಸಾಬೀತುಪಡಿಸಬೇಕೇ ಎಂಬ ಬಗ್ಗೆ ಕೇರಳ ಹೈಕೋರ್ಟಿನಲ್ಲಿಯೇ 2011ರಲ್ಲಿ ಏಕಸದಸ್ಯ ಪೀಠ ಒಂದು ರೀತಿ, ವಿಭಾಗೀಯ ಪೀಠ ಇನ್ನೊಂದು ರೀತಿ ಹೇಳಿದವು. 2020ರಲ್ಲಿ ಸುಪ್ರೀಂ ಕೋರ್ಟು ಒಂದು ಕುಟುಂಬದ ಪರಿಹಾರವನ್ನು 7.64 ಕೋಟಿ ರೂಪಾಯಿ ಎಂದು ನಿಗದಿಪಡಿಸಿತು. ಆ ತೀರ್ಪು ಬರುವಾಗ ಅಪಘಾತವಾಗಿ ಹತ್ತು ವರ್ಷ ಸಮೀಪಿಸಿತ್ತು. ಒಪ್ಪಂದದ ಒಂದು ವಾಕ್ಯವನ್ನು ಹೇಗೆ ಓದಬೇಕು ಎಂಬುದರ ಮೇಲೆ ವಿಧವೆಯೊಬ್ಬಳ, ತಂದೆ ತೀರಿಹೋದ ಮಕ್ಕಳ ಭವಿಷ್ಯ ನಿಂತಿರುತ್ತದೆ. ಈ ಓದು ಪರೀಕ್ಷೆಗೆ ಮಾತ್ರ ಬೇಕಾದ ಓದಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇನ್ನೊಂದು ಉದಾಹರಣೆ ವಿದ್ಯಾರ್ಥಿನಿಯರಿಗಾಗಿ. ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಕಿರುಕುಳವಾದರೆ ದೂರು ಕೊಡಲು ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯೇ ಇರಲಿಲ್ಲ. 1997ರ ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಅಂತಾರಾಷ್ಟ್ರೀಯ ಒಪ್ಪಂದವನ್ನು ಆಧಾರವಾಗಿಟ್ಟುಕೊಂಡು ಮಾರ್ಗಸೂಚಿಗಳನ್ನು ಕೊಟ್ಟಿತು. ಸಂಸತ್ತಿನ ಕಾಯ್ದೆ ಬಂದದ್ದು 2013ರಲ್ಲಿ. ಮಧ್ಯದ ಹದಿನಾರು ವರ್ಷ ನಮ್ಮ ಹೆಣ್ಣುಮಕ್ಕಳಿಗೆ ಆಸರೆಯಾದದ್ದು ಆ ಮಾರ್ಗಸೂಚಿಗಳೇ.

ಕಡಲಿನ ಗಡಿ

ಮೀನುಗಾರಿಕೆಯ ಮನೆತನದಿಂದ ಬಂದವರು ಇಲ್ಲಿ ಇರಬಹುದು. ಸಮುದ್ರದ ಗಡಿ ಹೇಗೆ ಎಂಬುದು 1982ರ ಸಮುದ್ರ ಕಾನೂನಿನ ಒಪ್ಪಂದದಲ್ಲಿದೆ. ಭಾರತ ಅದನ್ನು 1995ರಲ್ಲಿ ಅನುಮೋದಿಸಿತು. ತೀರದಿಂದ 12 ನಾಟಿಕಲ್ ಮೈಲಿನವರೆಗೆ ದೇಶದ ಸಾರ್ವಭೌಮತ್ವ, 200 ಮೈಲಿನವರೆಗೆ ಮೀನು ಮತ್ತು ಖನಿಜ ಸಂಪತ್ತಿನ ಮೇಲೆ ವಿಶೇಷ ಹಕ್ಕು, ಅದರಾಚೆ ಎಲ್ಲರಿಗೂ ಸೇರಿದ ಕಡಲು.

2012ರ ಫೆಬ್ರವರಿ 15ರಂದು ಕೇರಳದ ತೀರದಿಂದ ಸುಮಾರು 20 ಮೈಲು ದೂರದಲ್ಲಿ ಇಟಲಿಯ ಹಡಗಿನ ಕಾವಲಿಗಿದ್ದ ಇಬ್ಬರು ನೌಕಾ ಸೈನಿಕರು ಗುಂಡು ಹಾರಿಸಿ ನಮ್ಮ ಇಬ್ಬರು ಮೀನುಗಾರರನ್ನು ಕೊಂದರು. ಕಡಲ್ಗಳ್ಳರೆಂದು ಭಾವಿಸಿದೆವು ಎಂಬುದು ಅವರ ವಾದ. ವಿಚಾರಣೆ ಮಾಡುವ ಅಧಿಕಾರ ಯಾರದು? 2020ರಲ್ಲಿ ಪಂಚಾಯ್ತಿ ನ್ಯಾಯಮಂಡಳಿ ಕೊಟ್ಟ ತೀರ್ಪಿನಲ್ಲಿ ಎರಡೂ ಕಡೆಗೆ ಪಾಲಿತ್ತು. ಅವರು ಇಟಲಿ ಸರಕಾರದ ಅಧಿಕಾರಿಗಳಾಗಿ ಕೆಲಸ ಮಾಡುತ್ತಿದ್ದುದರಿಂದ ಭಾರತದ ನ್ಯಾಯಾಲಯ ಅವರನ್ನು ವಿಚಾರಿಸುವಂತಿಲ್ಲ ಎಂದಿತು. ಆದರೆ ಭಾರತದ ದೋಣಿಯ ಸಂಚಾರ ಸ್ವಾತಂತ್ರ್ಯವನ್ನು ಇಟಲಿ ಉಲ್ಲಂಘಿಸಿದೆ, ಪರಿಹಾರ ಕೊಡಬೇಕು ಎಂದೂ ಹೇಳಿತು. 10 ಕೋಟಿ ರೂಪಾಯಿ ಠೇವಣಿಯಾದ ಬಳಿಕ 2021ರ ಜೂನಿನಲ್ಲಿ ಸುಪ್ರೀಂ ಕೋರ್ಟು ಪ್ರಕರಣವನ್ನು ಮುಕ್ತಾಯಗೊಳಿಸಿತು. ಇದು ನ್ಯಾಯವಾಯಿತೇ ಎಂದು ನೀವು ಚರ್ಚೆ ಮಾಡಿ, ಮಾಡಲೇಬೇಕು. ಆದರೆ ಯಾವ ನಿಯಮದ ಮೇಲೆ ಚರ್ಚೆ ಎಂಬುದು ಗೊತ್ತಿರಬೇಕು.

ನ್ಯಾಯಾಲಯ ಮತ್ತು ಒಪ್ಪಿಗೆ

ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ 15 ನ್ಯಾಯಾಧೀಶರಿದ್ದಾರೆ, ಅವರ ಅವಧಿ 9 ವರ್ಷ. ಅಲ್ಲಿಗೆ ಕಕ್ಷಿದಾರರಾಗಿ ಹೋಗಬಹುದಾದದ್ದು ರಾಷ್ಟ್ರಗಳು ಮಾತ್ರ, ವ್ಯಕ್ತಿಗಳಲ್ಲ. ಎರಡೂ ಕಡೆಯವರ ಒಪ್ಪಿಗೆ ಒಂದಲ್ಲ ಒಂದು ರೂಪದಲ್ಲಿ ಇರಬೇಕು. ಈ ಒಪ್ಪಿಗೆಯ ಮಹತ್ವ ತಿಳಿಯಲು ಭಾರತ ಮತ್ತು ಪಾಕಿಸ್ತಾನದ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

1999ರ ಆಗಸ್ಟ್‌ನಲ್ಲಿ ಪಾಕಿಸ್ತಾನದ ನೌಕಾಪಡೆಯ ವಿಮಾನವೊಂದನ್ನು ಭಾರತದ ವಾಯುಪಡೆ ಹೊಡೆದುರುಳಿಸಿತು. ಪಾಕಿಸ್ತಾನ ಹೇಗ್‌ಗೆ ಹೋಯಿತು. ಆದರೆ 1974ರಲ್ಲಿ ನ್ಯಾಯಾಲಯದ ಅಧಿಕಾರವನ್ನು ಒಪ್ಪಿಕೊಳ್ಳುವಾಗಲೇ ಭಾರತ ಕಾಮನ್‌ವೆಲ್ತ್ ದೇಶಗಳೊಂದಿಗಿನ ವಿವಾದಗಳನ್ನು ಹೊರಗಿಟ್ಟಿತ್ತು. ಆದ್ದರಿಂದ 2000ದ ಜೂನ್ 21ರಂದು ನ್ಯಾಯಾಲಯ ತನಗೆ ಅಧಿಕಾರವಿಲ್ಲವೆಂದು ಹೇಳಿತು. ವಿಮಾನ ಯಾರ ಆಕಾಶದಲ್ಲಿತ್ತು ಎಂಬ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ.

2017ರಲ್ಲಿ ಕುಲಭೂಷಣ್ ಜಾಧವ್ ಅವರಿಗೆ ಪಾಕಿಸ್ತಾನದ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿದಾಗ ಹೇಗ್‌ಗೆ ಹೋದದ್ದು ಭಾರತ. ಈ ಬಾರಿ ಆಧಾರ ಬೇರೆ. 1963ರ ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಪ್ಪಂದಕ್ಕೂ ಅದರ ಜೊತೆಗಿನ ಐಚ್ಛಿಕ ಪ್ರೋಟೋಕಾಲಿಗೂ ಎರಡೂ ದೇಶಗಳು ಸೇರಿದ್ದವು. ಈ ಒಪ್ಪಂದದ ಬಗ್ಗೆ ವಿವಾದ ಬಂದರೆ ನ್ಯಾಯಾಲಯಕ್ಕೆ ಹೋಗಬಹುದು ಎಂದು ಆ ಪ್ರೋಟೋಕಾಲ್ ಹೇಳುತ್ತದೆ. 2019ರ ಜುಲೈ 17ರಂದು 15 ನ್ಯಾಯಾಧೀಶರು ಭಾರತದ ಪರವಾಗಿ, ಒಬ್ಬರು ಮಾತ್ರ ವಿರುದ್ಧವಾಗಿ ಮತ ಕೊಟ್ಟು, ಪಾಕಿಸ್ತಾನ ಒಪ್ಪಂದದ 36ನೇ ವಿಧಿಯನ್ನು ಉಲ್ಲಂಘಿಸಿದೆ ಎಂದು ತೀರ್ಮಾನಿಸಿದರು. ಹದಿನೈದು ಜನರ ಪೀಠದಲ್ಲಿ ಹದಿನಾರು ಮತ ಹೇಗೆ ಎಂದು ಕೇಳಬಹುದು. ತನ್ನ ದೇಶದ ನ್ಯಾಯಾಧೀಶರು ಪೀಠದಲ್ಲಿ ಇಲ್ಲದಿದ್ದರೆ ಆ ಪ್ರಕರಣದ ಮಟ್ಟಿಗೆ ಒಬ್ಬರನ್ನು ನೇಮಿಸುವ ಅವಕಾಶ ಕಕ್ಷಿ ರಾಷ್ಟ್ರಕ್ಕಿದೆ. ಅವರನ್ನು ಬಿಡುಗಡೆ ಮಾಡಿ ಎಂದು ಮಾತ್ರ ನ್ಯಾಯಾಲಯ ಹೇಳಲಿಲ್ಲ. ಶಿಕ್ಷೆಯನ್ನು ಪರಿಣಾಮಕಾರಿಯಾಗಿ ಮರುಪರಿಶೀಲಿಸಬೇಕು, ಅಲ್ಲಿಯವರೆಗೆ ಗಲ್ಲಿಗೇರಿಸಬಾರದು ಎಂದಿತು.

ಈ 36ನೇ ವಿಧಿಯನ್ನು ನೀವೆಲ್ಲ ಮನೆಗೆ ಹೋಗಿ ಹೇಳಬೇಕು. ನಮ್ಮ ಎಷ್ಟೋ ಮನೆಗಳಿಂದ ಒಬ್ಬರಾದರೂ ಗಲ್ಫ್‌ನಲ್ಲಿ ದುಡಿಯುತ್ತಿದ್ದಾರೆ. ವಿದೇಶದಲ್ಲಿ ಬಂಧನಕ್ಕೊಳಗಾದವನಿಗೆ ‘ನಿನ್ನ ದೇಶದ ಕಾನ್ಸುಲೇಟಿಗೆ ತಿಳಿಸಬೇಕೆ?’ ಎಂದು ತಡಮಾಡದೆ ಹೇಳುವುದು ಬಂಧಿಸಿದ ಅಧಿಕಾರಿಗಳ ಕರ್ತವ್ಯ. ಅವನು ಬಯಸಿದರೆ ತಿಳಿಸಲೇಬೇಕು. ಕಾನ್ಸುಲೇಟಿನವರು ಬಂದು ಭೇಟಿಯಾಗಬಹುದು, ವಕೀಲರನ್ನು ಗೊತ್ತುಮಾಡಬಹುದು. ಭಾಷೆ ಬಾರದೆ, ಏನು ಬರೆದಿದೆಯೆಂದು ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕುವ ಹುಡುಗನಿಗೆ ಈ ಒಂದು ಮಾಹಿತಿ ದೊಡ್ಡ ರಕ್ಷಣೆ. ಶಿಕ್ಷೆಯಾದ ಮೇಲೂ ಉಳಿದ ಅವಧಿಯನ್ನು ಸ್ವದೇಶದ ಜೈಲಿನಲ್ಲಿ ಕಳೆಯುವ ಬಗ್ಗೆ ಯು.ಎ.ಇ., ಸೌದಿ ಅರೇಬಿಯಾ, ಕುವೈತ್, ಕತಾರ್ ಮುಂತಾದ ದೇಶಗಳೊಂದಿಗೆ ಭಾರತ ಒಪ್ಪಂದ ಮಾಡಿಕೊಂಡಿದೆ. ಅದಕ್ಕಾಗಿ 2003ರಲ್ಲಿ ಕಾಯ್ದೆಯೂ ಆಗಿದೆ.

ಬಲಪ್ರಯೋಗದ ಪ್ರಶ್ನೆ

ಈಗ ಕಠಿಣವಾದ ಭಾಗಕ್ಕೆ ಬರೋಣ. ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಒಂದು ದೇಶ ಇನ್ನೊಂದರ ಮೇಲೆ ಬಲಪ್ರಯೋಗ ಮಾಡುವುದನ್ನು ನಿಷೇಧಿಸಿದೆ. ವಿನಾಯಿತಿ ಎರಡೇ: 51ನೇ ವಿಧಿಯ ಪ್ರಕಾರ ಆತ್ಮರಕ್ಷಣೆ, ಮತ್ತು ಭದ್ರತಾ ಮಂಡಳಿಯ ಅನುಮತಿ. ಮಂಡಳಿಯ 15 ಸದಸ್ಯರಲ್ಲಿ ಐದು ರಾಷ್ಟ್ರಗಳಿಗೆ ವೀಟೋ ಇದೆ.

ಮಂಡಳಿ ಒಮ್ಮತಕ್ಕೆ ಬಂದರೆ ಏನಾಗುತ್ತದೆ? 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಅದೇ ದಿನ ಮಂಡಳಿ ಅದನ್ನು ಖಂಡಿಸಿ ಹಿಂದೆ ಸರಿಯಲು ಹೇಳಿತು, ನವೆಂಬರಿನಲ್ಲಿ ಬಲಪ್ರಯೋಗಕ್ಕೆ ಅನುಮತಿ ಕೊಟ್ಟಿತು. ಅಂದು ಸುಮಾರು 1,70,000 ಭಾರತೀಯರು ಅಲ್ಲಿಂದ ಬರಿಗೈಯಲ್ಲಿ ಮರಳಿದರು, ಅವರಲ್ಲಿ ನಮ್ಮ ಜಿಲ್ಲೆಗಳವರೂ ಇದ್ದರು. ಯುದ್ಧದ ನಂತರ 1991ರಲ್ಲಿ ಮಂಡಳಿ ಒಂದು ಪರಿಹಾರ ಆಯೋಗವನ್ನು ರಚಿಸಿತು. ಇರಾಕಿನ ತೈಲ ಆದಾಯದ ಒಂದು ಪಾಲನ್ನು ತೆಗೆದಿಟ್ಟು, ದೇಶ ಬಿಟ್ಟು ಹೋಗಬೇಕಾಗಿ ಬಂದ ಸಾಮಾನ್ಯ ಕೆಲಸಗಾರರಿಗೂ ನಿಗದಿತ ಮೊತ್ತ ಕೊಡಲಾಯಿತು. ಭಾರತೀಯರಿಗೂ ಸಿಕ್ಕಿತು. 2022ರ ಜನವರಿಯಲ್ಲಿ ಕೊನೆಯ ಕಂತು ಪಾವತಿಯಾಗುವಾಗ ಒಟ್ಟು ಮೊತ್ತ 5,240 ಕೋಟಿ ಡಾಲರ್ ತಲುಪಿತ್ತು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಮಂಡಳಿ ಹೇರಿದ ದಿಗ್ಬಂಧನದಿಂದಾಗಿ ಯಾವ ತಪ್ಪೂ ಮಾಡದ ಇರಾಕಿನ ಸಾಮಾನ್ಯ ಜನ ಔಷಧ, ಆಹಾರಗಳಿಗೆ ಪರದಾಡಿದರು.

ಅದೇ ಇರಾಕಿನ ಮೇಲೆ 2003ರಲ್ಲಿ ಅಮೆರಿಕ ಮತ್ತು ಬ್ರಿಟನ್ ದಾಳಿ ಮಾಡಿದಾಗ ಅದಕ್ಕೆ ಮಂಡಳಿಯ ಹೊಸ ಅನುಮತಿ ಇರಲಿಲ್ಲ. ಅಂದಿನ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಅವರು 2004ರಲ್ಲಿ ಅದು ಸನ್ನದಿಗೆ ವಿರುದ್ಧವಾದದ್ದು, ಕಾನೂನುಬಾಹಿರವಾದದ್ದು ಎಂದು ಹೇಳಿದರು. ಆದರೆ ವೀಟೋ ಇರುವವರ ವಿರುದ್ಧ ಕ್ರಮ ಕೈಗೊಳ್ಳುವವರು ಯಾರು? 1986ರಲ್ಲಿ ನಿಕರಾಗುವಾ ಎಂಬ ಪುಟ್ಟ ದೇಶ ಹೇಗ್‌ನಲ್ಲಿ ಅಮೆರಿಕದ ವಿರುದ್ಧ ಗೆದ್ದಿತು, ಆ ತೀರ್ಪಿನ ಪಾಲನೆಗಾಗಿ ತಂದ ನಿರ್ಣಯವನ್ನು ಅಮೆರಿಕ ವೀಟೋ ಮಾಡಿತು. ದಕ್ಷಿಣ ಚೀನಾ ಸಮುದ್ರದ ಬಗ್ಗೆ ಫಿಲಿಪ್ಪೀನ್ಸ್ ಪರವಾಗಿ 2016ರಲ್ಲಿ ಬಂದ ತೀರ್ಪನ್ನು ಚೀನಾ ತಿರಸ್ಕರಿಸಿತು. ಉಕ್ರೇನ್ ವಿಷಯದಲ್ಲಿ ರಷ್ಯಾ ತನ್ನ ವೀಟೋ ಬಳಸಿತು. ಪ್ಯಾಲೆಸ್ತೀನಿನ ಬಗ್ಗೆ 2004ರಲ್ಲಿ ಗೋಡೆಯ ಕುರಿತ ಸಲಹಾ ಅಭಿಪ್ರಾಯ ಬಂತು. 2024ರ ಜನವರಿ 26ರಂದು ದಕ್ಷಿಣ ಆಫ್ರಿಕಾದ ಅರ್ಜಿಯ ಮೇಲೆ ಗಾಝಾದ ಜನರ ರಕ್ಷಣೆಗಾಗಿ ಮಧ್ಯಂತರ ಆದೇಶ ಬಂತು. ನರಮೇಧ ನಡೆದಿದೆಯೇ ಎಂಬ ಅಂತಿಮ ತೀರ್ಪು ಅದಲ್ಲ, ಈ ವ್ಯತ್ಯಾಸ ತಿಳಿದಿರಲಿ. ಅದೇ ವರ್ಷ ಜುಲೈ 19ರಂದು ಆಕ್ರಮಿತ ಪ್ರದೇಶದಲ್ಲಿ ಇಸ್ರೇಲಿನ ಉಪಸ್ಥಿತಿಯೇ ಕಾನೂನುಬಾಹಿರ ಎಂಬ ಅಭಿಪ್ರಾಯವೂ ಬಂತು. ಇಷ್ಟಾದರೂ ನೆಲದ ಮೇಲೆ ಸಾವು ನಿಲ್ಲಲಿಲ್ಲ.

ಹಾಗಿದ್ದರೆ ಏಕೆ ಓದಬೇಕು?

ಆರಂಭದ ಪ್ರಶ್ನೆಗೆ ಬರೋಣ. ಬಲಿಷ್ಠರು ಈ ಕಾನೂನನ್ನು ಮುರಿಯುತ್ತಾರೆ ಎಂಬುದು ನಿಜ. ಅದನ್ನು ಮುಚ್ಚಿಟ್ಟು ಪಾಠ ಮಾಡಬಾರದು. ಆದರೆ ಅದರಿಂದ ‘ಕಾನೂನೇ ಇಲ್ಲ’ ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ನಮ್ಮ ದೇಶದೊಳಗೂ ಹಣವಂತರು ಎಷ್ಟೋ ಬಾರಿ ಕಾನೂನಿನಿಂದ ತಪ್ಪಿಸಿಕೊಳ್ಳುತ್ತಾರೆ. ಆಗ ನಾವು ಕಾನೂನನ್ನು ಬಲಪಡಿಸಿ ಎನ್ನುತ್ತೇವೆ, ಕಾನೂನು ಬೇಡ ಎನ್ನುವುದಿಲ್ಲ. ಏಕೆಂದರೆ ಕಾನೂನು ಇಲ್ಲದಲ್ಲಿ ದುರ್ಬಲನಿಗೆ ದೂರು ಹೇಳಲು ಭಾಷೆಯೇ ಇರುವುದಿಲ್ಲ.

ಶಕ್ತಿ ಇದ್ದೂ ತೀರ್ಪಿಗೆ ತಲೆಬಾಗಿದ ಉದಾಹರಣೆ ನಮ್ಮಲ್ಲಿಯೇ ಇದೆ. ಬಂಗಾಳ ಕೊಲ್ಲಿಯ ಕಡಲ ಗಡಿಯ ಬಗ್ಗೆ ಭಾರತಕ್ಕೂ ಬಾಂಗ್ಲಾದೇಶಕ್ಕೂ ಬಹುಕಾಲದ ತಕರಾರಿತ್ತು. 2014ರ ಜುಲೈ 7ರ ತೀರ್ಪಿನಲ್ಲಿ ವಿವಾದಿತ 25,602 ಚದರ ಕಿಲೋಮೀಟರಿನ ಪೈಕಿ 19,467 ಚದರ ಕಿಲೋಮೀಟರ್ ಬಾಂಗ್ಲಾದೇಶದ ಪಾಲಾಯಿತು. ಭಾರತ ಬಲದಲ್ಲಿ ಎಷ್ಟೋ ಪಟ್ಟು ದೊಡ್ಡದು, ಆದರೂ ತೀರ್ಪನ್ನು ಒಪ್ಪಿಕೊಂಡಿತು. ಇದರಿಂದ ಭಾರತಕ್ಕೆ ನಷ್ಟವಾಯಿತೆಂದು ನಾನು ಭಾವಿಸುವುದಿಲ್ಲ. ಚೀನಾ 2016ರ ತೀರ್ಪನ್ನು ಪಾಲಿಸಬೇಕು ಎಂದು ಹೇಳುವ ನೈತಿಕ ಹಕ್ಕು ಇಂಥ ನಡವಳಿಕೆಯಿಂದಲೇ ಬರುತ್ತದೆ.

ಎರಡನೆಯದಾಗಿ, ಈ ಕಾನೂನು ನಿಧಾನ, ಆದರೆ ಅದಕ್ಕೆ ನೆನಪಿದೆ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಂ ಪುರುಷರು ಮತ್ತು ಬಾಲಕರನ್ನು ಕೊಲ್ಲಲಾಯಿತು. ಅಂದು ವಿಶ್ವಸಂಸ್ಥೆಯ ಪಡೆ ಅಲ್ಲೇ ಇದ್ದೂ ತಡೆಯಲಿಲ್ಲ, ಇದು ಅಳಿಸಲಾಗದ ಕಳಂಕ. ಆದರೆ ಅದರ ರೂವಾರಿಗಳಾದ ಕರಾಜಿಚ್ ಮತ್ತು ಮ್ಲಾದಿಚ್ ವರ್ಷಗಟ್ಟಲೆ ತಲೆಮರೆಸಿಕೊಂಡರೂ ಕೊನೆಗೆ ಸಿಕ್ಕಿಬಿದ್ದರು, ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. ರೋಹಿಂಗ್ಯಾ ಜನರ ಪರವಾಗಿ ಮ್ಯಾನ್ಮಾರಿನ ವಿರುದ್ಧ 2019ರ ನವೆಂಬರಿನಲ್ಲಿ ಹೇಗ್‌ಗೆ ಹೋದದ್ದು ಆಫ್ರಿಕಾದ ಪುಟ್ಟ ದೇಶ ಗಾಂಬಿಯಾ. ಅದಕ್ಕೂ ಮ್ಯಾನ್ಮಾರಿಗೂ ಗಡಿಯೂ ಇಲ್ಲ, ಜಗಳವೂ ಇಲ್ಲ. ನರಮೇಧ ನಿಷೇಧದ ಒಪ್ಪಂದಕ್ಕೆ ಸಹಿ ಹಾಕಿದ ಯಾವ ದೇಶವೂ ಅದರ ಪಾಲನೆಯನ್ನು ಕೇಳಬಹುದು ಎಂಬ ತತ್ವದ ಮೇಲೆ ಅದು ಹೋಯಿತು, ನ್ಯಾಯಾಲಯ 2020ರ ಜನವರಿ 23ರಂದು ಮಧ್ಯಂತರ ಆದೇಶ ನೀಡಿತು.

ಮೂರನೆಯ ಉದಾಹರಣೆ ನಿಮ್ಮದೇ ವಯಸ್ಸಿನವರದು. 2019ರಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳ ವಿಶ್ವವಿದ್ಯಾಲಯವೊಂದರ 27 ಕಾನೂನು ವಿದ್ಯಾರ್ಥಿಗಳು, ಸಮುದ್ರ ಏರಿ ನಮ್ಮ ನೆಲ ಮುಳುಗುತ್ತಿರುವಾಗ ರಾಷ್ಟ್ರಗಳಿಗೆ ಕಾನೂನಿನ ಹೊಣೆ ಏನೂ ಇಲ್ಲವೇ ಎಂಬ ಪ್ರಶ್ನೆ ಎತ್ತಿದರು. ತಮ್ಮ ಸರಕಾರಗಳಿಗೆ ಪತ್ರ ಬರೆದರು. ವನುವಾಟು ಎಂಬ ಪುಟ್ಟ ದೇಶ ಅವರ ಮಾತನ್ನು ಎತ್ತಿಕೊಂಡಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳುಹಿಸಿತು. 2025ರ ಜುಲೈ 23ರಂದು ನ್ಯಾಯಾಧೀಶರೆಲ್ಲರೂ ಒಮ್ಮತದಿಂದ, ಹವಾಮಾನವನ್ನು ರಕ್ಷಿಸುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯ ಎಂದು ಅಭಿಪ್ರಾಯ ಕೊಟ್ಟರು. ಸಲಹಾ ಅಭಿಪ್ರಾಯ ತೀರ್ಪಿನಂತೆ ಬಂಧಿಸುವುದಿಲ್ಲ, ಆದರೂ ಮುಂದಿನ ಎಷ್ಟೋ ಮೊಕದ್ದಮೆಗಳಿಗೆ ಅದು ಆಧಾರವಾಗಲಿದೆ. ಆ 27 ಮಂದಿಯ ಕೈಯಲ್ಲಿ ಸೇನೆಯಿರಲಿಲ್ಲ, ಹಣವೂ ಇರಲಿಲ್ಲ. ಕಾನೂನಿನ ತಿಳುವಳಿಕೆ ಇತ್ತು, ಬಿಡದೆ ಹಿಂಬಾಲಿಸುವ ತಾಳ್ಮೆ ಇತ್ತು.

ವಿದ್ಯಾರ್ಥಿಗಳಿಗೆ ಒಂದೆರಡು ಸಲಹೆ

ಯಾವುದೇ ಅಂತಾರಾಷ್ಟ್ರೀಯ ವಿವಾದದ ಸುದ್ದಿ ಓದುವಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಅನ್ವಯಿಸುವ ನಿಯಮ ಯಾವುದು, ಒಪ್ಪಂದವೇ ರೂಢಿಯೇ? ಆ ದೇಶ ಅದಕ್ಕೆ ಬದ್ಧವಾಗಿದೆಯೇ? ತೀರ್ಮಾನಿಸುವ ಅಧಿಕಾರ ಯಾವ ಸಂಸ್ಥೆಗಿದೆ? ತೀರ್ಪು ಬಂದರೆ ಜಾರಿಯಾಗುವ ದಾರಿ ಏನು? ಈ ನಾಲ್ಕಕ್ಕೆ ಉತ್ತರ ಹುಡುಕುವವನು ಟಿ.ವಿ. ಚರ್ಚೆಯ ಗದ್ದಲದಲ್ಲಿ ದಾರಿ ತಪ್ಪುವುದಿಲ್ಲ. ನಮಗೆ ಇಷ್ಟವಾದ ದೇಶ ತಪ್ಪು ಮಾಡಿದಾಗಲೂ ಇಷ್ಟವಿಲ್ಲದ ದೇಶ ತಪ್ಪು ಮಾಡಿದಾಗಲೂ ಇದೇ ಪ್ರಶ್ನೆಗಳನ್ನು ಕೇಳಬೇಕು. ಒಬ್ಬರಿಗೊಂದು ಅಳತೆಗೋಲು ಇಟ್ಟುಕೊಂಡರೆ ಅದು ಕಾನೂನಲ್ಲ, ಪಕ್ಷಪಾತ.

ಟಿಪ್ಪಣಿ ಪುಸ್ತಕಗಳಿಗಿಂತ ಮೊದಲು ವಿಶ್ವಸಂಸ್ಥೆಯ ಸನ್ನದನ್ನು ಒಮ್ಮೆ ಪೂರ್ತಿ ಓದಿ, ಅದು ಚಿಕ್ಕ ಪುಸ್ತಕ. ನಂತರ ಜಾಧವ್ ಪ್ರಕರಣದ ತೀರ್ಪನ್ನು ಓದಿ, ಅದು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಈ ಕ್ಷೇತ್ರದಲ್ಲಿ ಉದ್ಯೋಗವೂ ಇದೆ. ನಮ್ಮ ವಿದೇಶಾಂಗ ಸಚಿವಾಲಯದಲ್ಲಿ ಕಾನೂನು ಮತ್ತು ಒಪ್ಪಂದಗಳ ಪ್ರತ್ಯೇಕ ವಿಭಾಗವಿದೆ, ವಿಶ್ವಸಂಸ್ಥೆಯ ಅಂಗಸಂಸ್ಥೆಗಳಿವೆ, ವಲಸೆ ಕಾರ್ಮಿಕರಿಗಾಗಿ ದುಡಿಯುವ ಸಂಸ್ಥೆಗಳಿವೆ. ನಮ್ಮ ಹುಡುಗ ಹುಡುಗಿಯರು ಇಂಜಿನಿಯರಿಂಗ್, ಮೆಡಿಕಲ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಭಾವಿಸಬಾರದು.

ಇದೆಲ್ಲ ದೊಡ್ಡ ನಗರದವರಿಗೆ ಮಾತ್ರ ಎಂಬ ಅಳುಕು ಬೇಡ. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದರು. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಅವರೇ. 1952ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು, ಮರುವರ್ಷ ತೀರಿಕೊಳ್ಳುವವರೆಗೂ ಆ ಸ್ಥಾನದಲ್ಲಿದ್ದರು. ಈ ಕರಾವಳಿಯಿಂದ ಹೇಗ್‌ಗೆ ಹೋದ ದಾರಿ ಇನ್ನೂ ತೆರೆದೇ ಇದೆ.

ನಿಮ್ಮಲ್ಲಿ ಒಬ್ಬಿಬ್ಬರಾದರೂ ಈ ವಿಷಯವನ್ನು ಆಳವಾಗಿ ಓದಲು ಮನಸ್ಸು ಮಾಡಿದರೆ, ಉಳಿದವರು ಕನಿಷ್ಠ 36ನೇ ವಿಧಿಯನ್ನು ಗಲ್ಫ್‌ಗೆ ಹೊರಟ ಅಣ್ಣನಿಗೋ ಮಾಮನಿಗೋ ಹೇಳಿ ಕಳುಹಿಸಿದರೆ ಈ ಉಪನ್ಯಾಸ ಸಾರ್ಥಕ.  ಇನ್ನು ನಿಮ್ಮ ಪ್ರಶ್ನೆಗಳಿಗೆ ಸ್ವಾಗತ.